ವಿಮಾನದ ನಕ್ಷೆ ನೋಡಿ ಬೋರ್ ಪಾಯಿಂಟ್ ಹಾಕಿಸಿದೆ: ಐದಕ್ಕೆ ಮೂರೂವರೆ

ಬೋರ್ ಎಲ್ಲಿ ಕೊರೆಯಬೇಕು ಅಂತ ಜಾಗ ತೋರಿಸುವ ಈ ಆಫೀಸಿನ ಹೆಸರು ಹಾಕುವುದಿಲ್ಲ, ಕೇಳಬೇಡಿ. ನಮ್ಮೂರಿಂದ ಒಂದೂವರೆ ಗಂಟೆ ಬಸ್ಸಿನ ದಾರಿ. ಮೆಡಿಕಲ್ ಸ್ಟೋರ್ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಗೋಡೆ ತುಂಬ ಬಣ್ಣಬಣ್ಣದ ನಕ್ಷೆ. ಬಾಗಿಲಿನ ಮೇಲೆ ಕಟ್ಟಿದ ಫ್ಲೆಕ್ಸಿನಲ್ಲಿ ಒಂದು ವಿಮಾನ, ಅದರ ಕೆಳಗೆ ನೀರಿನ ಹನಿ, ‘ಆಕಾಶದಿಂದ ನೀರು ಪತ್ತೆ’ ಅಂತ ದೊಡ್ಡ ಅಕ್ಷರ. ಆ ಫ್ಲೆಕ್ಸ್ ನಂಬಿ ಹೋದವನಲ್ಲ ನಾನು. ಆದರೆ ನಾಲ್ಕು ಬೋರು ಫೇಲ್ ಆದವನು ಯಾವ ಮೆಟ್ಟಿಲಾದರೂ ಹತ್ತುತ್ತಾನೆ.

ನಮ್ಮದು ಆಂಧ್ರದ ಮಡಕಶಿರಾ ಕಡೆ, ಅಮರಾಪುರದ ಹತ್ತಿರ. ಮನೆಯಲ್ಲಿ ಕನ್ನಡ, ಸರ್ಕಾರಿ ಆಫೀಸಿನಲ್ಲಿ ತೆಲುಗು, ಏನಾದರೂ ದೊಡ್ಡ ಸಾಮಾನು ಬೇಕೆಂದರೆ ಶಿರಾಕ್ಕೆ ಹೋಗುವುದು. 2022ರಲ್ಲಿ ಅನಂತಪುರ ಒಡೆದು ಶ್ರೀ ಸತ್ಯಸಾಯಿ ಜಿಲ್ಲೆ ಆದ ಮೇಲೆ ನಮ್ಮ ವಿಳಾಸ ಬದಲಾಯಿತು, ಬೋರಿನ ಹಣೆಬರಹ ಬದಲಾಗಲಿಲ್ಲ. ಹೊಲ ಐದು ಎಕರೆ. ಒಂದೂವರೆ ಎಕರೆ ಅಡಿಕೆ, ಉಳಿದದ್ದು ಕಡಲೆಕಾಯಿ. ಹೊಟ್ಟೆಪಾಡಿಗೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಹಾಗಾಗಿ ಇವರು ಹೇಳಿದ್ದನ್ನೆಲ್ಲ ತಲೆಯಾಡಿಸಿ ಕೇಳಲು ಆಗಲಿಲ್ಲ. ಅದು ಅವರ ದುರದೃಷ್ಟ.

ಅವರ ಹತ್ತಿರ ಎರಡು ರೇಟು ಇದೆ. ನಕ್ಷೆ ಮಾತ್ರ ಬೇಕೆಂದರೆ 4,000 ರೂಪಾಯಿ. ನಕ್ಷೆ ಜೊತೆ ಹೊಲಕ್ಕೆ ಬಂದು ಮಷಿನ್ ಹಿಡಿದು ನಡೆದು ಪಾಯಿಂಟ್ ಹಾಕಿಕೊಡಬೇಕೆಂದರೆ 14,000. ಟೇಬಲ್ ಹಿಂದೆ ಕೂತಿದ್ದ ಹುಡುಗ ಹೇಳಿದ, "ಸಾರ್, ವಿಮಾನದಲ್ಲಿ ಮ್ಯಾಗ್ನೆಟ್ ಅಳೆಯೋ ಮಷಿನ್ ಇಟ್ಟು ಹಾರಿಸಿದ್ದಾರೆ, ಭೂಮಿ ಒಳಗಿರೋ ನೀರೆಲ್ಲ ಕಾಣಿಸುತ್ತೆ." ನೀರಿಗೆ ಮ್ಯಾಗ್ನೆಟ್ ಅಂಟುತ್ತೇನಪ್ಪಾ ಅಂತ ಕೇಳಿದೆ. ಅವನು ಒಳಗೆ ಹೋಗಿ ಯಜಮಾನರನ್ನು ಕರೆದುಕೊಂಡು ಬಂದ. ಅವರು ರಿಟೈರ್ ಆದ ಜಿಯಾಲಜಿಸ್ಟ್. ಅವರು ಬಂದ ಮೇಲೆ ಮಾತು ಸರಿಯಾಯಿತು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ವಿಮಾನ ಹುಡುಕುವುದು ನೀರನ್ನಲ್ಲ. ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಅಂತ ಕರಿ ಖನಿಜ ಇರುತ್ತದೆ, ಒಂದೊಂದು ಕಲ್ಲಿನಲ್ಲಿ ಒಂದೊಂದು ಪ್ರಮಾಣ. ನಮ್ಮ ಕರಿಕಲ್ಲಿನಲ್ಲಿ, ಅಂದರೆ ಇವರು ಡಾಲರೈಟ್ ಡೈಕ್ ಅನ್ನುವ ಸಾಲುಕಲ್ಲಿನಲ್ಲಿ ಜಾಸ್ತಿ, ಗ್ರಾನೈಟಿನಲ್ಲಿ ಕಡಿಮೆ. ಇದರಿಂದ ಭೂಮಿಯ ಕಾಂತಬಲ ಜಾಗದಿಂದ ಜಾಗಕ್ಕೆ ಚೂರು ಹೆಚ್ಚುಕಮ್ಮಿ ಆಗುತ್ತದೆ. ವಿಮಾನ ಗೆರೆ ಎಳೆದ ಹಾಗೆ ಹೋಗುತ್ತಾ ಬರುತ್ತಾ ಅದನ್ನು ಅಳೆಯುತ್ತದೆ. ಮೇಲೆ ಮಣ್ಣಿರಲಿ, ಮರಳಿರಲಿ, ಕಡಲೆಕಾಯಿ ಬೆಳೆ ಇರಲಿ, ಮ್ಯಾಗ್ನೆಟ್‌ಗೆ ಅದು ಯಾವುದೂ ಅಡ್ಡ ಇಲ್ಲ. ಹಾಗಾಗಿ ಮಣ್ಣಿನಡಿ ಹೂತುಹೋದ ಕಲ್ಲಿನ ಸಾಲು, ಆ ಸಾಲು ಎಲ್ಲಿ ಮುರಿದಿದೆ, ಎಲ್ಲಿ ಜರುಗಿದೆ ಅನ್ನುವುದು ನಕ್ಷೆಯಲ್ಲಿ ಬರುತ್ತದೆ. ಈ ಮುರಿದು ಜರುಗಿದ ಜಾಗವೇ ಫಾಲ್ಟ್. ಪಠ್ಯಪುಸ್ತಕದಲ್ಲಿ ಸ್ತರಭಂಗ ಅಂತ ಇದೆ. ನಮ್ಮ ಕಡೆ ಫಾಲ್ಟ್ ಅಂದರೆ ಮೋಟರ್ ಫಾಲ್ಟ್ ಇಲ್ಲ ಲೈನ್ ಫಾಲ್ಟ್, ಮನೆಯಲ್ಲಿ ನಮ್ಮಪ್ಪನಿಗೆ ಇದನ್ನು ಬಿಡಿಸಿ ಹೇಳುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ಈ ವಿದ್ಯೆ ಹೊಸದೇನಲ್ಲ. 1936ರಲ್ಲೇ ಸೋವಿಯತ್ ರಷ್ಯಾದಲ್ಲಿ ಲೊಗಚೇವ್ ಅನ್ನುವವರು ವಿಮಾನದಿಂದ ಕಾಂತಬಲ ಅಳೆದಿದ್ದರು. ಎರಡನೇ ಮಹಾಯುದ್ಧದಲ್ಲಿ ಸಮುದ್ರದೊಳಗಿನ ಸಬ್‌ಮರೀನ್ ಹುಡುಕಲು ಇದೇ ಉಪಾಯ ಬಳಸಿದರು. ಯುದ್ಧದಿಂದ ಹೊರಬಂದ ಮಷಿನ್ನು ಕಲ್ಲು, ಅದಿರು ಹುಡುಕುವ ಕಡೆ ತಿರುಗಿತು. ಈಗಿನ ಸೀಸಿಯಂ ಮಷಿನ್ ಸೆಕೆಂಡಿಗೆ ಹತ್ತು ಸಲ ಅಳೆಯುತ್ತದೆ. ವಿಮಾನದ ಸ್ವಂತ ಕಬ್ಬಿಣ ಅಡ್ಡ ಬರಬಾರದು ಅಂತ ಅದನ್ನು ಬಾಲದ ಹಿಂದೆ ಉದ್ದ ಕೊಳವೆಯಲ್ಲಿ ಇಡುತ್ತಾರೆ, ಹೆಲಿಕಾಪ್ಟರ್ ಆದರೆ ಹಗ್ಗ ಕಟ್ಟಿ ಕೆಳಗೆ ಇಳಿಬಿಡುವುದೂ ಉಂಟು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಆಲ್ಬುಕರ್ಕಿ ಊರಿನ ಕುಡಿಯುವ ನೀರಿಗಾಗಿ 1990ರ ದಶಕದ ಕೊನೆಯಲ್ಲಿ ಹೀಗೆ ಹಾರಿಸಿ, ಮರಳು ಮಣ್ಣಿನಡಿ ಮುಚ್ಚಿಹೋಗಿದ್ದ ಎಷ್ಟೋ ಫಾಲ್ಟ್ ಪತ್ತೆ ಮಾಡಿದರು. ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಅಂಕಸಂದ್ರದಲ್ಲೂ ಹತ್ತು ಹನ್ನೆರಡು ವರ್ಷದ ಹಿಂದೆ ಅಂತರ್ಜಲದ ಸರ್ವೆಗೆ ಹೆಲಿಕಾಪ್ಟರ್ ಹಾರಿತ್ತು. ಅದು ಮುಖ್ಯವಾಗಿ ವಿದ್ಯುತ್ ತರಂಗ ಬಿಟ್ಟು ನೋಡುವ ಬೇರೆ ವಿಧಾನ, ನೀರಿನ ಮಟ್ಟಿಗೆ ಅದೇ ಮೇಲು.

ಈಗ ದುಡ್ಡಿನ ವಿಷಯ. 4,000 ರೂಪಾಯಿಯ ನಕ್ಷೆ ಇದೆಯಲ್ಲ, ಅದರ ಮೂಲ ಮಾಹಿತಿ ಸರ್ಕಾರದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 2017ರಿಂದ ದೇಶದ ಖನಿಜ ಸಿಗಬಹುದಾದ ಜಾಗಗಳ ಮೇಲೆ 300 ಮೀಟರಿಗೊಂದು ಸಾಲು, 80 ಮೀಟರ್ ಎತ್ತರದಲ್ಲಿ ವಿಮಾನ ಹಾರಿಸುವ ಕಾರ್ಯಕ್ರಮ ಹಾಕಿಕೊಂಡಿದೆ. ಸಂಸ್ಥೆಯ ಭೂಕೋಶ್ ಜಾಲತಾಣದಲ್ಲೂ, 2023ರ ಡಿಸೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರದಲ್ಲೂ ಹೆಸರು ನೋಂದಾಯಿಸಿಕೊಂಡರೆ ಇಂಥ ಮಾಹಿತಿ ಕಾಸಿಲ್ಲದೆ ಸಿಗುತ್ತದೆ. ಯಜಮಾನರನ್ನು ಕೇಳಿದೆ, ಪುಕ್ಕಟೆ ಸಿಗುವುದನ್ನು ಮಾರುತ್ತೀರಲ್ಲ ಸಾರ್ ಅಂತ. ಅವರು ನಕ್ಕು, "ಅಕ್ಕಿ ಅಂಗಡೀಲಿ ಸಿಗುತ್ತೆ ಮೇಷ್ಟ್ರೇ, ಆದ್ರೂ ಹೋಟ್ಲಲ್ಲಿ ಅನ್ನಕ್ಕೆ ದುಡ್ಡು ಕೊಡ್ತೀರಲ್ವಾ" ಅಂದರು. ಮಾತು ಚೆನ್ನಾಗಿತ್ತು. ಆದರೂ ನಕ್ಷೆ ಮಾತ್ರ ಕೊಂಡು ಮನೆಗೆ ಬರುವವರಿಗೆ ನಾನು ಹೇಳುವುದು ಬೇಡ ಅಂತಲೇ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಇದೇ ಈ ರಿವ್ಯೂದ ಮುಖ್ಯ ವಿಷಯ.

ಭೂಮಧ್ಯರೇಖೆಗೆ ಹತ್ತಿರ ಇರುವ ನಮ್ಮಂಥ ಕಡೆ ಭೂಮಿಯ ಕಾಂತರೇಖೆಗಳು ಹೆಚ್ಚುಕಮ್ಮಿ ಅಡ್ಡ ಮಲಗಿರುತ್ತವೆ, ಉತ್ತರಕ್ಕೆ ಮುಖ ಮಾಡಿ ಚೂರೇ ಚೂರು ಕೆಳಗೆ ಬಾಗಿರುತ್ತವೆ. ಕಲ್ಲಿನ ಸಾಲು ಪೂರ್ವ ಪಶ್ಚಿಮ ಇದ್ದರೆ ಅದು ಈ ರೇಖೆಗಳಿಗೆ ಅಡ್ಡ ನಿಂತ ಹಾಗೆ, ನಕ್ಷೆಯಲ್ಲಿ ಎದ್ದು ಕಾಣುತ್ತದೆ. ಅದೇ ಸಾಲು ಉತ್ತರ ದಕ್ಷಿಣ ಇದ್ದರೆ? ಕ್ಲಾಸಿನಲ್ಲಿ ಬಾರ್ ಮ್ಯಾಗ್ನೆಟ್ ಮೇಲೆ ಗುಂಡುಸೂಜಿ ಸುರಿದಿರುತ್ತೀರಿ, ಎರಡು ತುದಿಗೆ ಗೊಂಚಲು ಅಂಟುತ್ತದೆ, ನಡುವೆ ಬೋಳು. ಉತ್ತರ ದಕ್ಷಿಣದ ಕಲ್ಲು ಅಂಥ ಉದ್ದನೆ ಮ್ಯಾಗ್ನೆಟ್. ತುದಿ ಎಲ್ಲೋ ಮೈಲಿ ದೂರ, ನಿಮ್ಮ ಹೊಲದಲ್ಲಿ ಇರುವುದು ಬೋಳು ನಡುಭಾಗ. ನಕ್ಷೆಯಲ್ಲಿ ಅದು ಇದ್ದೂ ಇಲ್ಲದ ಹಾಗೆ. ಉತ್ತರ ದಕ್ಷಿಣದ ಫಾಲ್ಟಿನ ಕಥೆಯೂ ಅಷ್ಟೇ, ನೇರವಾಗಿ ಕಾಣುವುದು ಕಷ್ಟ.

ನನ್ನ ಹೊಲದಲ್ಲಿ ಇದ್ದದ್ದು ಅಂಥದೇ. ಯಜಮಾನರು ಪೆನ್ಸಿಲ್ ತುದಿಯಿಂದ ತೋರಿಸಿದರು. ಪೂರ್ವ ಪಶ್ಚಿಮವಾಗಿ ಒಂದು ಕರಿಕಲ್ಲಿನ ಸಾಲು ನೀಲಿ ಪಟ್ಟೆಯಾಗಿ ಬರುತ್ತದೆ, ನಮ್ಮ ಹೊಲದ ಹತ್ತಿರ ತಟ್ಟನೆ ನಿಲ್ಲುತ್ತದೆ, ಮತ್ತೆ ಸುಮಾರು 60 ಮೀಟರ್ ಉತ್ತರಕ್ಕೆ ಜರುಗಿ ಮುಂದುವರಿಯುತ್ತದೆ. ಮನೆಗೋಡೆಯ ಇಟ್ಟಿಗೆ ಸಾಲು ಭೂಕಂಪಕ್ಕೆ ಸರಿದ ಹಾಗೆ. ಫಾಲ್ಟ್ ತಾನು ಕಾಣದೆ, ತಾನು ಮುರಿದ ಕಲ್ಲಿನಿಂದ ಸಿಕ್ಕಿಬಿದ್ದಿತ್ತು. ಇದು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಆದರೆ ಲೆಕ್ಕ ಹಾಕಿ ನೋಡಿ. ವಿಮಾನ ಹಾರಿದ್ದು ಉತ್ತರ ದಕ್ಷಿಣವಾಗಿ, 300 ಮೀಟರಿಗೊಂದು ಸಾಲು ಅಂತ ನಕ್ಷೆಯ ಮೂಲೆಯಲ್ಲೇ ಬರೆದಿತ್ತು. ಹಾರಿದ ಸಾಲಿನ ಉದ್ದಕ್ಕೆ ಕೆಲವೇ ಮೀಟರಿಗೊಂದು ಅಳತೆ ಇದೆ, ಹಾಗಾಗಿ ಕರಿಕಲ್ಲು ಉತ್ತರಕ್ಕೆ ಎಷ್ಟು ಜರುಗಿದೆ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಒಂದು ಸಾಲಿನಲ್ಲಿ ಕಲ್ಲು ಇಲ್ಲಿದೆ, ಮುಂದಿನ ಸಾಲಿನಲ್ಲಿ ಅಲ್ಲಿದೆ. ಮುರಿದದ್ದು ಎಲ್ಲಿ? ಆ ಎರಡು ಸಾಲಿನ ನಡುವೆ ಎಲ್ಲಾದರೂ. ನನ್ನ ಐದು ಎಕರೆಯನ್ನು ಚೌಕ ಮಾಡಿದರೆ ಒಂದು ಬದಿ 140 ಮೀಟರ್ ಚಿಲ್ಲರೆ. ಅಂದರೆ ನನ್ನ ಇಡೀ ಹೊಲ ಎರಡು ಸಾಲಿನ ಸಂದಿಯಲ್ಲಿ ಕೂತುಬಿಡುತ್ತದೆ, ಪಕ್ಕದವರ ಹೊಲಕ್ಕೂ ಜಾಗ ಮಿಗುತ್ತದೆ. ಕಂಪ್ಯೂಟರ್ ಮಾತ್ರ ನಡುವಿನ ಜಾಗಕ್ಕೆಲ್ಲ ನಯವಾಗಿ ಬಣ್ಣ ತುಂಬಿಕೊಡುತ್ತದೆ. ನೋಡಿದವರಿಗೆ ಪ್ರತಿ ಅಡಿಯೂ ಅಳೆದಿದ್ದಾರೆ ಅನಿಸುತ್ತದೆ. ಆ ಬಣ್ಣ ನಂಬಿ ರಿಗ್ ಲಾರಿ ಕರೆಸಿದರೆ ದೇವರೇ ಗತಿ. ಫ್ಲೆಕ್ಸಿನಲ್ಲಿ ಬರೆಯಬೇಕಾದ್ದು ಇದನ್ನು, ಅಲ್ವಾ?

ಹೀಗಾಗಿ 14,000 ಕೊಟ್ಟೆ.

ಮೊದಲ ಸಲ ಬಂದದ್ದು ಫೆಬ್ರವರಿಯಲ್ಲಿ, ಇಬ್ಬರು ಹುಡುಗರು, ಒಂದೇ ಮಷಿನ್. ಪ್ರೋಟಾನ್ ಮ್ಯಾಗ್ನೆಟೋಮೀಟರ್, ಅಂದರೆ ನೆಲದ ಮೇಲೆ ನಡೆಯುತ್ತಾ ಕಾಂತಬಲ ಅಳೆಯುವ ಮಷಿನ್. ಆಳೆತ್ತರದ ಕೋಲಿನ ತುದಿಯಲ್ಲಿ ಡಬ್ಬಿಯಂಥದ್ದು, ಅದರೊಳಗೆ ಸೀಮೆಎಣ್ಣೆ ಜಾತಿಯ ದ್ರವ, ಕುತ್ತಿಗೆಗೆ ನೇತುಹಾಕಿದ ಪೆಟ್ಟಿಗೆಯಲ್ಲಿ ಅಂಕಿ. ಕೋಲು ಹಿಡಿದ ಹುಡುಗ ಮೊದಲು ಬೆಲ್ಟ್ ಬಿಚ್ಚಿದ, ಮೊಬೈಲ್ ಕೊಟ್ಟ, ಬೈಕಿನ ಕೀ ಕೊಟ್ಟ. ನಾನು ಹಿಂದೆ ಹಿಂದೆ ನಡೆದೆ. ಅವನು ತಿರುಗಿ ನೋಡಿ, "ಸಾರ್, ಹೆಗಲ ಮೇಲಿನ ಗುದ್ದಲಿ" ಅಂದ. ಗುದ್ದಲಿ ತೆಗೆದುಕೊಂಡು ಹೋಗಿ ಬದುವಿನ ಆಚೆ ಕೂತೆ.

ಅಂಕಿ 41 ಸಾವಿರದ ಆಸುಪಾಸು ಆಡುತ್ತಿತ್ತು, ಕಾಂತಬಲದ ಅಳತೆಯಾದ ನ್ಯಾನೋಟೆಸ್ಲಾ ಲೆಕ್ಕದಲ್ಲಿ. ಒಂದು ಕಡೆ ಸಾವಿರಗಟ್ಟಲೆ ಜಿಗಿಯಿತು. ಹುಡುಗರ ಮುಖ ಅರಳಿತು, ಸುತ್ತ ನಾಲ್ಕು ಸಲ ಅಳೆದರು, ಕಲ್ಲು ಇಟ್ಟು ಗುರುತು ಮಾಡಿದರು. ನಮ್ಮಪ್ಪ ದೂರದಿಂದಲೇ ಕೂಗಿದರು, "ಏ ಮಗಾ, ಅದು ನಾನು ಕೊರೆಸಿದ ಹಳೇ ಬೋರು ಕಣೋ, ಒಳಗೆ ಕಬ್ಬಿಣದ ಕೇಸಿಂಗ್ ಪೈಪು ಐತೆ." ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಎಳೆದಿದ್ದೆವು, ನನಗೇ ಮರೆತುಹೋಗಿತ್ತು. ಮಷಿನ್ ಕೆಲಸ ಮಾಡುತ್ತಿದೆ ಅಂತ ಖಾತ್ರಿಯಾಯಿತು ಬಿಡಿ.

ಅವತ್ತಿನ ಕೆಲಸವೆಲ್ಲ ದಂಡ. ಕಾರಣ, ಎರಡನೇ ಮಷಿನ್ ತಂದಿರಲಿಲ್ಲ. ಭೂಮಿಯ ಕಾಂತಬಲ ಬಿಸಿಲಿನ ಜೊತೆ ಬದಲಾಗುತ್ತದೆ, ಕೋಲು ಒಂದೇ ಜಾಗದಲ್ಲಿ ಇಟ್ಟರೂ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತಾರು ನ್ಯಾನೋಟೆಸ್ಲಾ ವ್ಯತ್ಯಾಸ. ಅದನ್ನು ಕಳೆಯಲು ಇನ್ನೊಂದು ಮಷಿನ್ನು ಒಂದೇ ಕಡೆ ನಿಲ್ಲಿಸಿ ದಿನವಿಡೀ ಓದಿಸಬೇಕು. ವಿಮಾನ ಹಾರುವಾಗಲೂ ಕೆಳಗೆ ಹೀಗೊಂದು ಮಷಿನ್ ನಿಂತಿರುತ್ತದೆ, ಸೂರ್ಯನ ಗಾಳಿಯಿಂದ ಕಾಂತ ಬಿರುಗಾಳಿ ಎದ್ದ ದಿನ ಹಾರಾಟವನ್ನೇ ನಿಲ್ಲಿಸುತ್ತಾರೆ. ಇದೆಲ್ಲ ಯಜಮಾನರೇ ನನಗೆ ಹೇಳಿದ್ದು. ತಮ್ಮ ಹುಡುಗರಿಗೆ ಹೇಳುವುದು ಮರೆತಿದ್ದರು. ಎರಡನೇ ಸಲ ಬರಲು ಪೆಟ್ರೋಲಿಗೆ ಅಂತ ಮತ್ತೆ 1,500 ಕೇಳಿದರು. ತಪ್ಪು ಅವರದ್ದು, ದುಡ್ಡು ನನ್ನದು. ಜಗಳ ಆಡಿದೆ, ಅರ್ಧ ಕೊಟ್ಟೆ. ಒಂದು ಸ್ಟಾರ್ ಇಲ್ಲೇ ಹೋಯಿತು.

ಎರಡನೇ ಸಲ ಯಜಮಾನರೇ ಬಂದರು. ಟೋಪಿ, ನೀರಿನ ಬಾಟಲಿ, ಎಪ್ಪತ್ತರ ಹತ್ತಿರದ ವಯಸ್ಸು. ಒಂದು ಮಷಿನ್ ಹುಣಸೆಮರದ ಕೆಳಗೆ ನಿಂತಿತು. ಹತ್ತು ಮೀಟರಿಗೊಂದು ಸಾಲು ಹಗ್ಗ ಹಿಡಿದು, ದಕ್ಷಿಣದಿಂದ ಉತ್ತರಕ್ಕೆ ನಡೆದರು. ಪೂರ್ವದ ಬದಿ ಟ್ರಾನ್ಸ್‌ಫಾರ್ಮರ್ ಇರುವ ಕಡೆ ಬಿಟ್ಟುಬಿಟ್ಟರು, ಅಲ್ಲಿ ಓದು ನಂಬುವ ಹಾಗಿಲ್ಲ ಅಂತ. ಕರಿಕಲ್ಲಿನ ಮೇಲೆ ಬಂದಾಗ ನಾನು ಅಂಕಿ ಏರುತ್ತದೆ ಅಂತ ಕಾದರೆ, ಅದು ಮುನ್ನೂರು ಚಿಲ್ಲರೆ ಇಳಿಯಿತು. ಮಷಿನ್ ಕೆಟ್ಟಿತು ಅಂದುಕೊಂಡೆ. ಅವರು ಅಂಗೈ ಅಡ್ಡ ಹಿಡಿದು ತೋರಿಸಿದರು: ಇಲ್ಲಿ ಕಾಂತರೇಖೆ ಅಡ್ಡ, ಕಲ್ಲು ಅಡ್ಡ ಮ್ಯಾಗ್ನೆಟ್ ಆಗುತ್ತದೆ, ಅಡ್ಡ ಮ್ಯಾಗ್ನೆಟಿನ ನೆತ್ತಿಯ ಮೇಲೆ ಅದರ ಬಲ ಹಿಂದುಮುಂದಾಗಿ ಭೂಮಿಯ ಬಲವನ್ನು ಕಳೆಯುತ್ತದೆ. ರಷ್ಯಾ, ಕೆನಡಾದಲ್ಲಿ ಕಲ್ಲಿನ ಮೇಲೆ ಏರುವ ಅಂಕಿ ನಮ್ಮಲ್ಲಿ ಇಳಿಯುತ್ತದೆ. ನಕ್ಷೆಯಲ್ಲಿ ಕಡಿಮೆ ಅಂಕಿಗೆ ನೀಲಿ ಬಣ್ಣ, ಆ ಪಟ್ಟೆ ನೀಲಿ ಯಾಕೆ ಅಂತ ಆಗ ಅರ್ಥವಾಯಿತು. ಇಪ್ಪತ್ತು ವರ್ಷ ಕಾಂತತ್ವದ ಪಾಠ ಮಾಡಿದ್ದೇನೆ, ಇದು ತಲೆಗೆ ಹೊಳೆದೇ ಇರಲಿಲ್ಲ.

ಆ ಇಳಿತ ಒಂದನೇ ಸಾಲಿನಲ್ಲಿ ಸಿಕ್ಕಿತು, ಎರಡರಲ್ಲಿ, ಮೂರರಲ್ಲಿ, ಆರರವರೆಗೂ ಒಂದೇ ನೇರಕ್ಕೆ ಸಿಕ್ಕಿತು. ಏಳನೇ ಸಾಲಿನಲ್ಲಿ ಮಸುಕಾಯಿತು. ಎಂಟರಲ್ಲಿ ಅಲ್ಲಿ ಇಲ್ಲವೇ ಇಲ್ಲ, ಉತ್ತರದ ಬದು ಹತ್ತಿರ ಹೋದಾಗ ಮತ್ತೆ ಇಳಿಯಿತು. ಯಜಮಾನರು ಏಳನೇ ಸಾಲಿನ ಮೇಲೆ ನಿಂತು ಕಾಲಿನಿಂದ ಮಣ್ಣು ಕೆದಕಿ, "ಮುರಿದಿದ್ದು ಇಲ್ಲೇ ಮೇಷ್ಟ್ರೇ" ಅಂದರು. 300 ಮೀಟರಿನ ಅನುಮಾನ ಇಪ್ಪತ್ತು ಮೀಟರಿಗೆ ಇಳಿದಿತ್ತು. ಕೊಟ್ಟ ದುಡ್ಡು ಸಾರ್ಥಕ ಅನಿಸಿದ್ದು ಆ ಹೊತ್ತಿನಲ್ಲಿ.

ಮುರಿದ ಜಾಗದಲ್ಲೆಲ್ಲ ನೀರು ಇರುತ್ತದೆ ಅಂತಲ್ಲ, ಇದನ್ನೂ ಅವರೇ ಹೇಳಿದರು. ಫಾಲ್ಟಿನೊಳಗೆ ಕಲ್ಲು ನುರಿದು ಜೇಡಿಯಾಗಿ ಗಟ್ಟಿ ಮುಚ್ಚಿಕೊಂಡಿರಬಹುದು, ಬಿಳಿಕಲ್ಲು ತುಂಬಿಕೊಂಡಿರಬಹುದು. ಕರಿಕಲ್ಲಿನ ಸಾಲು ನೆಲದಡಿಯ ಒಡ್ಡಿನ ಹಾಗೆ, ಇಳಿಜಾರಿನ ಮೇಲಿನ ಬದಿಯಲ್ಲಿ ನೀರು ನಿಲ್ಲುತ್ತದೆ, ಕೆಳಗಿನ ಬದಿ ಒಣಗಿರುತ್ತದೆ. ನಮ್ಮ ನಾಲ್ಕು ಬೋರಿನಲ್ಲಿ ಮೂರು ಕೆಳಗಿನ ಬದಿಯಲ್ಲೇ ಇದ್ದವು ಅಂತ ಅವತ್ತು ಗೊತ್ತಾಯಿತು. ನಮ್ಮಪ್ಪ ಏನೂ ಮಾತಾಡಲಿಲ್ಲ, ಬೀಡಿ ಹಚ್ಚಿದರು. ಆಮೇಲೆ ಆ ಪಟ್ಟಿಯಲ್ಲಿ ಮೂರು ಕಡೆ ಕಬ್ಬಿಣದ ಗೂಟ ಹೊಡೆದು, ಬುಡಕ್ಕೆ ಉಪ್ಪುನೀರು ಹೊಯ್ದು ಕರೆಂಟ್ ಹಾಯಿಸಿ ರೆಸಿಸ್ಟಿವಿಟಿ, ಅಂದರೆ ನೆಲ ಕರೆಂಟಿಗೆ ಎಷ್ಟು ಅಡ್ಡಿ ಮಾಡುತ್ತದೆ ಅಂತ ನೋಡಿದರು. ಮೇಲಿನ ಬದಿಯ ಒಂದು ಜಾಗಕ್ಕೆ ಸುಣ್ಣ ಹಾಕಿದರು. ಗ್ಯಾರಂಟಿ ಎಷ್ಟು ಸಾರ್ ಅಂದೆ. ಗ್ಯಾರಂಟಿ ಬೇಕಿದ್ದರೆ ಫ್ರಿಜ್ ತೊಗೊಳ್ಳಿ ಅಂದರು.

ವರದಿ ಹದಿನೈದು ದಿನಕ್ಕೆ ಬಂತು. ಪೂರ್ತಿ ಇಂಗ್ಲಿಷು. ನಮ್ಮ ಕಡೆ ಓದುವವರು ಕನ್ನಡದವರು, ತೆಲುಗಿನವರು. ಒಂದು ಪುಟ ಆದರೂ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಟ್ಟರೆ ಇವರ ಗಂಟೇನು ಹೋಗುತ್ತಿತ್ತು? ಕೇಳಿದ್ದಕ್ಕೆ, ಟೈಪ್ ಮಾಡುವವರಿಲ್ಲ ಅಂದರು. ಅರ್ಧ ಸ್ಟಾರ್ ಇದಕ್ಕೆ ಕಟ್.

ಬೋರ್ ಕೊರೆಸಲು ನಮ್ಮಲ್ಲಿ 2002ರ ನೀರು, ನೆಲ, ಮರಗಳ ಕಾಯ್ದೆ ಪ್ರಕಾರ ಅನುಮತಿ ಬೇಕು, ಈ ಆಫೀಸಿನವರು ಅದಕ್ಕೆ ಬೇಕಾದ ಕಾಗದ ಸರಿಯಾಗಿ ಮಾಡಿಕೊಟ್ಟರು, ಆ ವಿಷಯದಲ್ಲಿ ದೂರಿಲ್ಲ. ಮೇ ತಿಂಗಳ ಒಂದು ರಾತ್ರಿ ತಮಿಳುನಾಡಿನ ತಿರುಚೆಂಗೋಡಿನ ರಿಗ್ ಬಂತು. ಮೊದಲು ಕೆಂಪು ಮಣ್ಣು, ಆಮೇಲೆ ಮೊರಂ, ಆಮೇಲೆ ಗಂಟೆಗಟ್ಟಲೆ ಬೂದು ಧೂಳು. ನೂರೈವತ್ತು ಅಡಿ, ಇನ್ನೂರು ಅಡಿ, ಧೂಳು. ಮನೆಯಾಕೆ ಒಳಗೆ ಹೋಗಿ ಮಲಗಿದಳು. 290 ಅಡಿಗೆ ಧೂಳು ಒದ್ದೆಯಾಯಿತು, ಕಲ್ಲಿನ ಚೂರು ತುಕ್ಕು ಹಿಡಿದ ಬಣ್ಣಕ್ಕೆ ತಿರುಗಿದವು. 410ಕ್ಕೆ ಇನ್ನೊಂದು ಬಿರುಕು. 520ಕ್ಕೆ ನಿಲ್ಲಿಸಿದೆವು. ಎರಡು ಇಂಚು ನೀರು ಅಂದರು ರಿಗ್ಗಿನವರು. ಈಗ, ಮೂರು ತಿಂಗಳ ಮೇಲೆ, ಒಂದೂವರೆ ಇಂಚು. ಅಡಿಕೆಗೆ ಸಾಕು, ಕಡಲೆಕಾಯಿಗೆ ಮಳೆಯೇ ಗತಿ.

ಇದು ಮ್ಯಾಗ್ನೆಟಿನಿಂದ ಬಂದ ನೀರೋ ಅದೃಷ್ಟದಿಂದ ಬಂದ ನೀರೋ ಅಂತ ಒಂದೇ ಬೋರಿನಿಂದ ಹೇಳಲು ಆಗುವುದಿಲ್ಲ. ಯಾಕೆಂದರೆ ಪಕ್ಕದ ಹೊಲದ ಅಣ್ಣ ಅದೇ ತಿಂಗಳು ತೆಂಗಿನಕಾಯಿ ಹಿಡಿದು ನೀರಿನ ಜಾಗ ಹೇಳುವವರನ್ನು ಕರೆಸಿ, ತಾಂಬೂಲದ ಜೊತೆ 2,000 ಕೊಟ್ಟು ಕೊರೆಸಿದ. ಅವನಿಗೆ ಎರಡೂವರೆ ಇಂಚು ಬಿತ್ತು. ಅವನ ಬೋರು ನಮ್ಮ ನಕ್ಷೆಯ ಫಾಲ್ಟ್ ಗೆರೆಯ ಮೇಲೇ ಇದೆ, ಅದು ಬೇರೆ ಮಾತು. ಅವನು ಆ ಮಾತು ಒಪ್ಪುವುದಿಲ್ಲ.

ನೀವು ಹೋಗುವುದಾದರೆ ದುಡ್ಡು ಕಟ್ಟುವ ಮುಂಚೆ ಹೊಲಕ್ಕೆ ಎರಡು ಮಷಿನ್ ಬರುತ್ತದಾ, ಯಜಮಾನರು ಬರುತ್ತಾರಾ ಅಂತ ಕೇಳಿ. ಹಳೇ ಬೋರು, ತಗಡಿನ ಶೆಡ್ಡು, ತಂತಿಬೇಲಿ ಎಲ್ಲೆಲ್ಲಿದೆ ಅಂತ ಮೊದಲೇ ತೋರಿಸಿ. ಫ್ಲೆಕ್ಸ್ ಓದಬೇಡಿ.

ಕಳೆದ ವಾರ ತೆಂಗಿನಕಾಯಿಯವರು ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿದು, ಸುಮ್ನೆ ಒಂದು ಸಲ ನೋಡ್ತೀನಿ ಕೊಡಿ ಮೇಷ್ಟ್ರೇ ಅಂತ ನಕ್ಷೆ ಕೇಳಿದರು. ಜಗಲಿ ಮೇಲೆ ಹಾಸಿ, ಫಾಲ್ಟ್ ಗೆರೆ ಯಾವ ಊರಿನ ಕಡೆ ಹೋಗುತ್ತದೆ ಅಂತ ಬೆರಳಿಟ್ಟು ಕೇಳಿಕೊಂಡು, ಮೊಬೈಲಿನಲ್ಲಿ ಎರಡು ಫೋಟೋ ಹೊಡೆದುಕೊಂಡು ಹೋದರು. ಈಗ ರೊಳ್ಳ ಕಡೆ ಅವರಿಗೆ ಬುಕಿಂಗ್ ಜಾಸ್ತಿ ಆಗಿದೆಯಂತೆ.